ಟ್ರ್ಯಾಕ್ಷನ್ ಕಂಟ್ರೋಲ್ ದೀಪ ಮಿನುಗಿದಾಗ ಬಲಗಾಲು ಏನು ಮಾಡಬೇಕು?

ಮೆಕ್ಕೆಜೋಳದ ಸುಗ್ಗಿಯಲ್ಲಿ ದಾವಣಗೆರೆ ಸುತ್ತಲಿನ ಹಳ್ಳಿ ರಸ್ತೆಗಳಲ್ಲಿ ಕಾರು ಓಡಿಸಿದವರು ಇದನ್ನು ಕಂಡಿರುತ್ತಾರೆ. ಒಣಗಲು ಹರವಿದ ಕಾಳಿನ ಮೇಲೆ ಚಕ್ರ ಹತ್ತಿದಾಗ ಎಕ್ಸಲರೇಟರ್ ತುಸು ಹೆಚ್ಚು ಒತ್ತಿದರೆ ಸಾಕು, ಜಾರುತ್ತಿರುವ ಕಾರಿನ ಚಿತ್ರವಿರುವ ಹಳದಿ ದೀಪ ಮಿನುಗುತ್ತದೆ, ಎಂಜಿನ್ ಕ್ಷಣಕಾಲ ಮಂಕಾಗುತ್ತದೆ. ಚಕ್ರಗಳ ಬಳಿಯ ಸೆನ್ಸರ್‌ಗಳು ಒಂದು ಚಕ್ರ ಉಳಿದವುಗಳಿಗಿಂತ ವೇಗವಾಗಿ ತಿರುಗುತ್ತಿದೆ ಎಂದು ತಿಳಿಸಿದಾಗ, ಎಂಜಿನ್‌ನ ಬಲವನ್ನು ತಗ್ಗಿಸಿ, ಅಗತ್ಯವಿದ್ದರೆ ಆ ಚಕ್ರಕ್ಕಷ್ಟೇ ಬ್ರೇಕ್ ಹಾಕುವುದು ಟ್ರ್ಯಾಕ್ಷನ್ ಕಂಟ್ರೋಲ್‌ನ ಕೆಲಸ. ಅತಿ ವೇಗದಲ್ಲಿ ತಿರುವಿಗೆ ನುಗ್ಗಿದ ಕಾರನ್ನು ಉಳಿಸುವುದು ಅದರ ಕೆಲಸವಲ್ಲ. ಟೈರಿಗೆ ಇಲ್ಲದ ಹಿಡಿತವನ್ನು ಅದು ಎಲ್ಲಿಂದಲೂ ತಂದುಕೊಡಲಾರದು.

ರೇಸ್ ಟ್ರ್ಯಾಕ್‌ನಲ್ಲಿ ಚಾಲನೆ ಕಲಿಯಬೇಕೆನ್ನುವ ನಮ್ಮ ಭಾಗದವರು ಮನೆ ಮುಂದಿನ ರಾಷ್ಟ್ರೀಯ ಹೆದ್ದಾರಿ 48ನ್ನೇ ಹಿಡಿದು ಚಿತ್ರದುರ್ಗ, ತುಮಕೂರು, ಬೆಂಗಳೂರು ದಾಟಿ ಸಾಗಿದರೆ ಶ್ರೀಪೆರಂಬದೂರು ಬಳಿಯ ಇರುಂಗಾಟುಕೋಟೈ ಸಿಗುತ್ತದೆ. 1990ರಲ್ಲಿ ಆರಂಭವಾದ ಅಲ್ಲಿನ ಟ್ರ್ಯಾಕ್‌ನ ಒಂದು ಸುತ್ತು ಸುಮಾರು 3.7 ಕಿಲೋಮೀಟರ್. ಹೊರಡುವ ಮೊದಲು ವಿಮಾ ಪಾಲಿಸಿಯನ್ನು ಓದಿಕೊಳ್ಳಿ. ಸಾಮಾನ್ಯ ಖಾಸಗಿ ಕಾರಿನ ಪಾಲಿಸಿ ರೇಸಿಗೂ ವೇಗ ಪರೀಕ್ಷೆಗೂ ಅನ್ವಯಿಸುವುದಿಲ್ಲ.

ಮೊದಲ ಕೆಲಸ ಟೈರುಗಳದ್ದು. ಒಂದು ಚಕ್ರದ ಟೈರಿನ ಅಳತೆ ಬೇರೆಯಾಗಿದ್ದರೆ ಆ ಚಕ್ರದ ತಿರುಗುವಿಕೆಯೇ ಬೇರೆಯಾಗಿ, ಸೆನ್ಸರ್‌ಗಳು ಇಲ್ಲದ ಜಾರಿಕೆಯನ್ನು ಇದೆಯೆಂದು ತಿಳಿಯಬಹುದು. ಆದ್ದರಿಂದ ನಾಲ್ಕೂ ಟೈರುಗಳು ಕಂಪನಿ ಸೂಚಿಸಿದ ಅಳತೆಯವೇ ಆಗಿರಲಿ. ಗಾಳಿಯ ಒತ್ತಡವನ್ನು ಅವು ತಣ್ಣಗಿರುವಾಗಲೇ ನೋಡಿ. ಬಳಿಕ ಕಾರಿನ ಕೈಪಿಡಿ ತೆಗೆದು ಟ್ರ್ಯಾಕ್ಷನ್ ಕಂಟ್ರೋಲ್ ಬಟನ್ನಿನ ವಿವರವನ್ನು ಓದಿ. ಕೆಲವು ಕಾರುಗಳಲ್ಲಿ ಒಮ್ಮೆ ಒತ್ತಿದರೆ ಟ್ರ್ಯಾಕ್ಷನ್ ಕಂಟ್ರೋಲ್ ಮಾತ್ರ ನಿಲ್ಲುತ್ತದೆ, ಕೆಲವು ಸೆಕೆಂಡು ಒತ್ತಿ ಹಿಡಿದರೆ ಕಾರು ಅಡ್ಡ ತಿರುಗದಂತೆ ಕಾಯುವ ಸ್ಟೆಬಿಲಿಟಿ ಕಂಟ್ರೋಲ್ ಕೂಡ ನಿಲ್ಲುತ್ತದೆ. ಈ ವ್ಯತ್ಯಾಸ ಅರಿಯದೆ ಟ್ರ್ಯಾಕ್‌ಗೆ ಇಳಿಯಬಾರದು.

ಕಲಿಯುವ ದಿನ ಎರಡೂ ಚಾಲೂ ಇರಲಿ. ಮೊದಲ ಸುತ್ತುಗಳನ್ನು ನಿಧಾನವಾಗಿ ಮುಗಿಸಿ, ದೀಪ ಯಾವ ತಿರುವಿನಲ್ಲಿ ಮಿನುಗಿತೆಂದು ನೆನಪಿಡಿ. ನೇರ ದಾರಿಯಲ್ಲೇ ಬ್ರೇಕ್ ಹಾಕಿ ವೇಗ ಇಳಿಸಿ, ತಿರುವಿನ ಒಳ ಅಂಚನ್ನು ಮುಟ್ಟಿದ ಮೇಲೆ ಸ್ಟಿಯರಿಂಗ್ ನೇರವಾಗುತ್ತಾ ಬಂದಷ್ಟೇ ಎಕ್ಸಲರೇಟರ್ ಒತ್ತಬೇಕು. ಭದ್ರಾ ಕಾಲುವೆಯ ಒಂದೇ ತೂಬಿನಿಂದ ಎರಡು ಗದ್ದೆಗೆ ನೀರು ಹಾಯಿಸುವವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ: ಟೈರಿನ ಹಿಡಿತವನ್ನು ತಿರುಗಲು ಹೆಚ್ಚು ಬಳಸಿದರೆ ಮುನ್ನುಗ್ಗಲು ಕಡಿಮೆ ಉಳಿಯುತ್ತದೆ. ದೀಪ ಮಿನುಗಿತೆಂದರೆ ಎರಡನೆಯ ಗದ್ದೆಗೆ ಅವಸರದಿಂದ ಮಡೆ ತಿರುಗಿಸಿದ್ದೀರಿ ಎಂದರ್ಥ.

ಆಗ ಕಾಲನ್ನು ಥಟ್ಟನೆ ಪೂರ್ತಿ ಎತ್ತುವುದು ಹೊಸಬರ ಸಾಮಾನ್ಯ ತಪ್ಪು; ಅಪಾಯವೂ ಇಲ್ಲಿಯೇ ಹೆಚ್ಚು. ಹಾಗೆ ಎತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲಿ, ಹಿಂದಿನ ಟೈರುಗಳು ಹಗುರಾಗಿ, ಹಿಂಭಾಗ ಹೊರಕ್ಕೆ ಜಾರಬಹುದು. ಮುಂದಿನ ಚಕ್ರಕ್ಕೆ ಎಂಜಿನ್ ಬಲ ಬರುವ ಕಾರು ಎಕ್ಸಲರೇಟರ್ ಹೆಚ್ಚಾದಾಗ ತಿರುವಿನ ಹೊರ ಅಂಚಿನತ್ತ ಹೋಗುತ್ತದೆ. ಹಿಂದಿನ ಚಕ್ರಕ್ಕೆ ಬಲ ಬರುವುದಾದರೆ ಹಿಂಭಾಗವೇ ಹೊರಬೀಳಲು ನೋಡುತ್ತದೆ. ಎರಡರಲ್ಲೂ ಪೆಡಲನ್ನು ಕೂದಲೆಳೆಯಷ್ಟು ಸಡಿಲಿಸಿ, ದೃಷ್ಟಿಯನ್ನು ನೀವು ಹೋಗಬೇಕಾದ ದಾರಿಯ ಮೇಲಿಡಿ. ಮುಂದಿನ ಸುತ್ತಿನಲ್ಲಿ ಅದೇ ಜಾಗದಲ್ಲಿ ತುಸು ತಡವಾಗಿ ಎಕ್ಸಲರೇಟರ್ ಒತ್ತಿ, ದೀಪ ಮಿನುಗುವುದನ್ನು ಬಟನ್ನಿನಿಂದಲ್ಲ, ಕಾಲಿನಿಂದಲೇ ನಿಲ್ಲಿಸಿ.

ದೀಪ ಪದೇ ಪದೇ ಮಿನುಗುತ್ತಿದ್ದರೆ ಬ್ರೇಕ್‌ಗಳೂ ನಿಮಗರಿವಿಲ್ಲದೆ ಬಿಸಿಯಾಗುತ್ತಿರಬಹುದು. ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಒಂದು ಸುತ್ತನ್ನು ನಿಧಾನವಾಗಿ ಓಡಿಸಿ ಹೊರಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ, ಕಾರನ್ನು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಮಳೆ ಬಂದರಂತೂ ಬಣ್ಣ ಬಳಿದ ಅಂಚುಗಳ ಮೇಲೆ ಚಕ್ರ ಹತ್ತಿಸಬೇಡಿ.

‘ಆಫ್ ಮಾಡಿದರೇ ಡ್ರೈವಿಂಗ್’ ಎಂದು ಹುರಿದುಂಬಿಸುವ ಗೆಳೆಯರು ಎಲ್ಲೆಡೆ ಇರುತ್ತಾರೆ. ಫಾರ್ಮುಲಾ ಒನ್ ರೇಸಿನಲ್ಲಿ 2008ರಿಂದ ಟ್ರ್ಯಾಕ್ಷನ್ ಕಂಟ್ರೋಲ್ ನಿಷೇಧವಾಗಿರುವುದು ನಿಜ. ಆದರೆ ಅಲ್ಲಿಗೆ ಬರುವವರು ಬಾಲ್ಯದಿಂದ ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿ ಓಡಿಸಿ ಪಳಗಿದವರು. ಒಣ ಟ್ರ್ಯಾಕ್, ಪಕ್ಕದಲ್ಲಿ ತರಬೇತುದಾರರು, ತಪ್ಪಿದರೆ ಕಾರು ಸರಿದು ನಿಲ್ಲಲು ವಿಶಾಲ ಜಾಗ, ಈ ಮೂರೂ ಇದ್ದು, ದೀಪ ಮಿನುಗದಂತೆ ಹಲವು ಸುತ್ತು ಮುಗಿಸಿದ ಬಳಿಕವಷ್ಟೇ ಆ ಯೋಚನೆ ಮಾಡಬಹುದು. ನಮ್ಮೂರಿನ ಎರೆಮಣ್ಣಿನಲ್ಲಿ ಕಾರು ಹೂತಾಗ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡುವುದುಂಟು, ಏಕೆಂದರೆ ಹೂತ ಚಕ್ರ ತಿರುಗಲು ಬೇಕಾದ ಬಲವನ್ನೇ ಅದು ಕಡಿತಗೊಳಿಸುತ್ತದೆ; ಆ ಅಭ್ಯಾಸವನ್ನು ಟ್ರ್ಯಾಕ್‌ಗೆ ಒಯ್ಯಬೇಡಿ.

ಊರಿಗೆ ಹೊರಡುವಾಗ ಟೈರು ತಣ್ಣಗಾಗಲು ಬಿಟ್ಟು, ಟ್ರ್ಯಾಕ್‌ನಲ್ಲಿ ಟೈರು ಬಿಸಿಯಾಗಿದ್ದಾಗ ಗಾಳಿ ಇಳಿಸಿದ್ದರೆ ಅದನ್ನು ಮತ್ತೆ ತುಂಬಿಸಿ, ಡ್ಯಾಶ್‌ಬೋರ್ಡ್‌ನಲ್ಲಿ ‘ಆಫ್’ ದೀಪ ಉರಿಯುತ್ತಿಲ್ಲವೆಂದು ನೋಡಿಕೊಂಡೇ ಹೆದ್ದಾರಿಗೆ ಬನ್ನಿ.