ಮನೆಯೊಳಗೆ ಸಿಹಿನೀರಿನ ತೊರಕೆಗೆ ಹೊಂಡ ಕಟ್ಟುವುದು ಹೇಗೆ

ತೊರಕೆ ಮೀನು ಅಂದರೆ ನಮ್ಮ ಕಾರವಾರದ ಕಡೆ ಗೊತ್ತಿಲ್ಲದವರಿಲ್ಲ. ಬೈತಖೋಲ ಬಂದರಿಗೆ ಹೋದರೆ ಕಾಣುತ್ತದೆ, ಚಪ್ಪಟೆ ಮೈ, ಚಾಟಿಯಂಥ ಬಾಲ, ಬಾಲದಲ್ಲಿ ಮುಳ್ಳು. ಆದರೆ ಸಮುದ್ರವನ್ನೇ ನೋಡದ ತೊರಕೆಗಳೂ ಇವೆ. ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ, ಪರಾನಾ ನದಿಗಳಲ್ಲಿ ಹುಟ್ಟಿ ಅಲ್ಲೇ ಬದುಕುವ ಪೊಟಮೋಟ್ರೈಗಾನ್ ಗುಂಪಿನವು. ನಾನು ಸಾಕಿರುವುದು ಅದರಲ್ಲಿ ಮೊಟೊರೊ ಅನ್ನುವ ಜಾತಿ, ಕಂದು ಮೈಮೇಲೆ ಕಿತ್ತಳೆ ಬಣ್ಣದ ಕಣ್ಣಿನಂಥ ಚುಕ್ಕೆ. ಅಂಗಡಿಯಲ್ಲಿ ನೋಡುವಾಗ ಚಹಾದ ಬಸಿಯಷ್ಟೇ ಇರುತ್ತದೆ, ಆಸೆಯಾಗುತ್ತದೆ. ಅದೇ ಮೀನು ಬೆಳೆದು ಒಂದೂವರೆ ಅಡಿ ಅಗಲ ದಾಟುತ್ತದೆ. ಗಾಜಿನ ತೊಟ್ಟಿ ಸಾಲುವುದಿಲ್ಲ, ಹೊಂಡವೇ ಬೇಕು.

ಹೊಂಡ ಅಂದ ಕೂಡಲೇ ಎಲ್ಲರೂ ಆಳ ಎಷ್ಟು ಅಂತ ಕೇಳುತ್ತಾರೆ. ತೊರಕೆಗೆ ಬೇಕಾದ್ದು ಆಳ ಅಲ್ಲ, ನೆಲ. ಅದು ದಿನದ ಬಹುಪಾಲು ತಳದಲ್ಲೇ ಮಲಗುತ್ತದೆ, ತಳದಲ್ಲೇ ತಿನ್ನುತ್ತದೆ. ನಾನು ಕಟ್ಟಿದ್ದು ಒಳ ಅಳತೆ 10 ಅಡಿ ಉದ್ದ, 8 ಅಡಿ ಅಗಲ, ಗೋಡೆ 3 ಅಡಿ, ನೀರು ಎರಡೂವರೆ ಅಡಿ. ಅಂದರೆ 200 ಘನ ಅಡಿ, ಸುಮಾರು 5,660 ಲೀಟರ್. ಇದರಲ್ಲಿ ಒಂದು ಗಂಡು, ಎರಡು ಹೆಣ್ಣು, ಅಷ್ಟೇ. ಐದೂವರೆ ಟನ್‌ಗಿಂತ ಜಾಸ್ತಿ ಭಾರ ಬರುವುದರಿಂದ ಮಹಡಿ ಮೇಲೆ ಬೇಡವೇ ಬೇಡ. ನನ್ನದು ಮನೆ ಹಿಂದಿನ ಸಾಮಾನು ಕೋಣೆ, ಗಟ್ಟಿ ನೆಲ.

ಅಂತರ್ಜಾಲದಲ್ಲಿ ನೋಡಿದ ಹೊಂಡಗಳೆಲ್ಲ ಪ್ಲೈವುಡ್‌ನವು. ನಮ್ಮ ಕಡೆ ಅದು ಆಗುವ ಕೆಲಸ ಅಲ್ಲ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒರಲೆ (ಗೆದ್ದಲು) ಹಿಡಿಯುತ್ತದೆ, ಒರಲೆಗೆ ಔಷಧಿ ಹೊಡೆದರೆ ಮೀನಿಗೆ ವಿಷ. ನಮ್ಮ ಚಿರೇಕಲ್ಲೇ (ಕೆಂಪು ಮುರಕಲ್ಲು) ಸರಿ. 9 ಇಂಚಿನ ಗೋಡೆ ಕಟ್ಟಿಸಿ, ಮೂಲೆಗಳಲ್ಲಿ ಕಲ್ಲು ಒಂದಕ್ಕೊಂದು ಕಚ್ಚಿಕೊಂಡಿರಲಿ. ಎರಡೂವರೆ ಅಡಿ ನೀರು 10 ಅಡಿಯ ಗೋಡೆಯನ್ನು ಸುಮಾರು 880 ಕೆಜಿಯಷ್ಟು ತಳ್ಳುತ್ತದೆ, ತಳದ ಹತ್ತಿರ ಜಾಸ್ತಿ. ಹಾಗಾಗಿ ಗೋಡೆಯ ಮೇಲೆ ಸುತ್ತಲೂ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ ಎಳೆಸಿ, ಉದ್ದದ ಗೋಡೆಗಳ ನಡುವೆ ಹೊರಗಡೆಯಿಂದ ಒಂದೊಂದು ಆಧಾರದ ಕಂಬ ಕೊಡಿಸಿ. ಮನೆಯ ಗೋಡೆಯನ್ನೇ ಹೊಂಡದ ಒಂದು ಬದಿ ಮಾಡುವ ಉಳಿತಾಯ ಬೇಡ, ಅರ್ಧ ಅಡಿ ಬಿಟ್ಟೇ ಕಟ್ಟಿ.

ಒಳಗೆ ಗಾರೆ ಮಾಡಿಸುವಾಗ ಮೂಲೆಗಳನ್ನು ದುಂಡಗೆ ಮಾಡಿಸಿ. ತೊರಕೆ ಗೋಡೆಗೆ ಮೈ ಒತ್ತಿಕೊಂಡೇ ಸುತ್ತುತ್ತದೆ, ಚೂಪು ಮೂಲೆ ಇದ್ದರೆ ಅಂಚು ತರಚುತ್ತದೆ. ಗಾರೆ ಮೇಲೆ ಹಾಗೇ ನೀರು ಬಿಟ್ಟರೆ ಸಿಮೆಂಟು ಸುಣ್ಣ ಬಿಡುತ್ತದೆ, ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿ ಕೂತುಬಿಡುತ್ತದೆ. ಅದಕ್ಕೇ ಮೇಲೆ ಹಾಳೆ ಹಾಸಬೇಕು. ಶಿರಸಿ ಕಡೆ ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಹಾಳೆ ಸಾಕು. ರಬ್ಬರಿನ ಹಾಳೆ ಇನ್ನೂ ಮೆತ್ತಗೆ ಕೂರುತ್ತದೆ, ಆದರೆ ದುಬಾರಿ. ನನ್ನ ಅಳತೆಗೆ 18 ಅಡಿ ಉದ್ದ, 16 ಅಡಿ ಅಗಲದ ಹಾಳೆ ಬೇಕಾಯಿತು: ತಳ, ಎರಡೂ ಬದಿಯ ಗೋಡೆ, ಮೇಲೆ ಮಡಚಲು ಒಂದೊಂದು ಅಡಿ. ಹಾಳೆಯ ಕೆಳಗೆ ತೆಳು ಫೋಮ್ ಹಾಕಿ, ಗೋಣಿಚೀಲ ಬೇಡ, ಕೊಳೆಯುತ್ತದೆ. ಮೂಲೆಯ ಮಡಿಕೆಗಳನ್ನು ಚಪ್ಪಟೆಯಾಗಿ ಒತ್ತಿ, ಸಡಿಲ ಇದ್ದರೆ ಮರಿ ಅದರೊಳಗೆ ನುಗ್ಗಿ ಸಿಕ್ಕಿಬೀಳುತ್ತದೆ.

ನೀರು ತುಂಬಿ ಒಂದು ವಾರ ಸುಮ್ನೆ ಬಿಡಿ. ಮಟ್ಟಕ್ಕೆ ಗುರುತು ಹಾಕಿ, ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗುರುತು ಹಾಕಿ. ಎರಡೂ ಒಂದೇ ಥರ ಇಳಿದರೆ ಅದು ಆವಿ. ಹೊಂಡದ್ದು ಮಾತ್ರ ಜಾಸ್ತಿ ಇಳಿದರೆ ಸೋರುತ್ತಿದೆ ಅಂತ ಅರ್ಥ.

ಇನ್ನು ಫಿಲ್ಟರು. 200 ಲೀಟರಿನ ನೀಲಿ ಡ್ರಮ್ ಎರಡು. ಗಂಟೆಗೆ 6,000 ಲೀಟರ್ ಎತ್ತುವ ಪಂಪು ಹೊಂಡದ ನೀರನ್ನು ಮೊದಲ ಡ್ರಮ್ಮಿಗೆ ದೂಡುತ್ತದೆ, ಅದರಲ್ಲಿ ಫೋಮ್, ಕಸ ಅಲ್ಲಿ ನಿಲ್ಲುತ್ತದೆ. ಎರಡನೆಯದರಲ್ಲಿ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಜುಂಗು, ಕತ್ತರಿಸಿದ ವೈರಿಂಗ್ ಪೈಪಿನ ತುಂಡು, ಏನಾದರೂ ತುಂಬಿ, ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಕೂರಲು ಜಾಗ ಬೇಕು ಅಷ್ಟೇ. ಅಲ್ಲಿಂದ ನೀರು ತಾನಾಗಿ ಹೊಂಡಕ್ಕೆ ಬೀಳಬೇಕು, ಹಾಗಾಗಿ ಡ್ರಮ್ಮುಗಳನ್ನು ಕಲ್ಲಿನ ಕಟ್ಟೆ ಮೇಲಿಡಿ. ಮೊದಲ ಡ್ರಮ್ಮಿಗೆ ಮೇಲ್ಗಡೆ ಇನ್ನೊಂದು ತೂತು ಕೊರೆದು ಅಲ್ಲಿಂದಲೂ ಹೊಂಡಕ್ಕೆ ಪೈಪ್ ಬಿಡಿ, ಫೋಮ್ ಕಟ್ಟಿಕೊಂಡ ದಿನ ನೀರು ಕೋಣೆಗೆ ಹರಿಯುವುದಿಲ್ಲ. ಪಂಪಿನ ಬಾಯಿಗೆ ತೂತು ಕೊರೆದ ಬಕೆಟ್ ಮುಚ್ಚಿ. ಹೀಟರಿಗೂ ಪ್ಲಾಸ್ಟಿಕ್ ಜಾಲರಿ ಬೇಕು, ತೊರಕೆ ಅದರ ಮೇಲೇ ಮಲಗಿ ಮೈ ಸುಟ್ಟುಕೊಳ್ಳುತ್ತದೆ. ನೀರು 26ರಿಂದ 28 ಡಿಗ್ರಿ ಇರಬೇಕು. ಕರಾವಳಿಯಲ್ಲಿ ಹೀಟರು ಡಿಸೆಂಬರ್, ಜನವರಿಯ ರಾತ್ರಿಗೆ ಮಾತ್ರ. ಘಟ್ಟದ ಮೇಲಿನವರಿಗೆ ಮಳೆಗಾಲದಲ್ಲೂ ಬೇಕಾಗುತ್ತದೆ. ಕರೆಂಟಿನ ಸಾಮಾನೆಲ್ಲ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆರುವ ಸ್ವಿಚ್ಚು) ಮೂಲಕವೇ ಹೋಗಲಿ, ಇದರಲ್ಲಿ ರಾಜಿ ಇಲ್ಲ.

ಜೂನ್ ಬಂದರೆ ಕರೆಂಟು ಹೋಗುತ್ತದೆ, ಎಷ್ಟು ಹೊತ್ತು ಅಂತ ಹೇಳಲಾಗದು. ಪಂಪು ನಿಂತರೆ ಮೀನಿಗೂ ಕಷ್ಟ, ಡ್ರಮ್ಮಿನ ಬ್ಯಾಕ್ಟೀರಿಯಾವೂ ಉಸಿರುಗಟ್ಟಿ ಸಾಯುತ್ತದೆ. ಗಾಳಿ ಪಂಪನ್ನು ಇನ್ವರ್ಟರಿಗೆ ಹಾಕಿ, ಒಂದು ಕೊಳವೆ ಹೊಂಡಕ್ಕೆ, ಒಂದು ಡ್ರಮ್ಮಿಗೆ. ಫ್ಯಾನ್ ಇಲ್ಲದಿದ್ದರೂ ನಡೆಯುತ್ತದೆ, ಇದು ನಿಲ್ಲಬಾರದು.

ನೀರಿನ ವಿಷಯ ಎಲ್ಲಕ್ಕಿಂತ ಮುಖ್ಯ, ನಿಧಾನ ಓದಿ. ಚಿರೇಕಲ್ಲಿನ ಬಾವಿಯ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ. ಅಮೆಜಾನಿನ ಮೀನಿಗೆ ಅದು ಒಳ್ಳೆಯದೇ. ಆದರೆ ಫಿಲ್ಟರಿನ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ನೀರಿನಲ್ಲಿರುವ ಅಷ್ಟಿಷ್ಟು ಕ್ಷಾರವನ್ನೂ ತಿಂದುಬಿಡುತ್ತದೆ, ಆಮೇಲೆ ಒಂದು ದಿನ ಪಿಎಚ್ ದಿಢೀರ್ ಕುಸಿಯುತ್ತದೆ. ಇದಕ್ಕೆ ನಮ್ಮಲ್ಲೇ ಮದ್ದಿದೆ. ಅಘನಾಶಿನಿ ಕಡೆಯ ಬಳಚಿನ ಚಿಪ್ಪು ಒಂದೆರಡು ಹಿಡಿ ಚೆನ್ನಾಗಿ ತೊಳೆದು, ಕುದಿಸಿ, ಬಲೆಯ ಚೀಲದಲ್ಲಿ ಕಟ್ಟಿ ಎರಡನೇ ಡ್ರಮ್ಮಿನಲ್ಲಿಡಿ. ನೀರು ಹುಳಿಯಾದಷ್ಟೂ ಚಿಪ್ಪು ಕರಗುತ್ತದೆ. ಪಿಎಚ್ ಆರೂವರೆಯಿಂದ ಏಳರ ಆಸುಪಾಸು ನಿಲ್ಲಬೇಕು, ಪರೀಕ್ಷೆ ಮಾಡುತ್ತಾ ಚಿಪ್ಪು ಕಡಿಮೆ ಜಾಸ್ತಿ ಮಾಡಿ. ಸಮುದ್ರದ ಹತ್ತಿರದ ಬಾವಿಯಾದರೆ ಏಪ್ರಿಲ್, ಮೇ ತಿಂಗಳಲ್ಲಿ ನಾಲಿಗೆಗೆ ಹಾಕಿ ನೋಡಿ, ಉಪ್ಪಾಗಿದ್ದರೆ ಬೇಡ.

ತಾಮ್ರ ತೊರಕೆಗೆ ವಿಷ. ನಮ್ಮ ಜಿಲ್ಲೆಯಲ್ಲಿ ತಾಮ್ರ ಎಲ್ಲಿಂದ ಬರುತ್ತದೆ ಗೊತ್ತಲ್ವಾ, ಅಡಿಕೆಗೆ ಕೊಳೆ ಬರದಂತೆ ಹೊಡೆಯುವ ಬೋರ್ಡೋ ದ್ರಾವಣದಿಂದ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಔಷಧಿ ಕಲಸಿದ ಡ್ರಮ್ಮನ್ನು ಎಷ್ಟು ತೊಳೆದರೂ ಫಿಲ್ಟರಿಗೆ ಬಳಸಬೇಡಿ. ತೋಟದ ಎರೆಹುಳು ಬೇಡ, ತೋಟದ ನಡುವಿನ ಬಾವಿಯ ನೀರು ಬೇಡ. ಹಿತ್ತಾಳೆ ನಲ್ಲಿಯೂ ಬೇಡ, ಎಲ್ಲ ಪಿವಿಸಿ.

ಇನ್ನೊಂದು ಬ್ಲೀಚಿಂಗ್ ಪುಡಿ. ಒಂದು ಮಳೆಗಾಲದಲ್ಲಿ ನಾನು ಊರಲ್ಲಿ ಇಲ್ಲದಾಗ ನಮ್ಮ ಬಾವಿಗೆ ಪುಡಿ ಹಾಕಿದ್ದರು, ನನಗೆ ಗೊತ್ತಾಗಲಿಲ್ಲ. ಬಂದವನೇ ಎಂದಿನಂತೆ ನೀರು ಬದಲಿಸಿದೆ. ಅರ್ಧ ಗಂಟೆಯಲ್ಲಿ ಚಿಕ್ಕ ಹೆಣ್ಣಿನ ಮೈಯ ಅಂಚು ಸುತ್ತಲೂ ಮೇಲಕ್ಕೆ ಸುರುಳಿ ಸುತ್ತಿತು, ಒಣಗಿದ ಎಲೆ ಥರ. ಕಣ್ಣಿನ ಹಿಂದಿನ ಉಸಿರಿನ ತೂತುಗಳು ಪಟಪಟ ಬಡಿಯುತ್ತಿದ್ದವು. ಔಷಧಿ ಹುಡುಕುವಷ್ಟರಲ್ಲಿ ಹೋಯಿತು. ಆವತ್ತಿನಿಂದ ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್ ಡಬ್ಬಿ ಹೊಂಡದ ಗೋಡೆ ಮೇಲೇ ಇರುತ್ತದೆ, ಕ್ಲೋರಿನ್ ಪರೀಕ್ಷೆ ಮಾಡದೆ ಒಂದು ಬಕೆಟ್ ನೀರೂ ಒಳಗೆ ಹೋಗುವುದಿಲ್ಲ.

ಮೀನು ತರುವ ಮೊದಲು ಫಿಲ್ಟರ್ ಹಣ್ಣಾಗಬೇಕು, ಅಂದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ನೆಲೆಯಾಗಬೇಕು. ನಾಲ್ಕರಿಂದ ಆರು ವಾರ. ದಿನಾ ಒಂದೆರಡು ಶೆಟ್ಲಿ (ಸಿಗಡಿ) ಹಾಕಿ ಕೊಳೆಯಲು ಬಿಡಿ, ಮೊದಲು ಅಮೋನಿಯಾ ಏರುತ್ತದೆ, ಆಮೇಲೆ ನೈಟ್ರೈಟ್, ಕೊನೆಗೆ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಮಾತ್ರ ಉಳಿಯುತ್ತದೆ. ಎರಡೂ ಸೊನ್ನೆ ಆಗುವವರೆಗೆ ಮೀನು ಬೇಡ, ಎಷ್ಟೇ ಅವಸರ ಇದ್ದರೂ. ಆಮೇಲೆ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ನನ್ನದು 1,400 ಲೀಟರ್, ತೆಂಗಿನ ಬುಡಕ್ಕೆ ಹೋಗುತ್ತದೆ. ತಳಕ್ಕೆ ಮರಳು ಬೇಕೆಂದರೆ ನುಣುಪಾದ ಹೊಳೆ ಮರಳು ಒಂದು ಇಂಚು. ಎಂ-ಸ್ಯಾಂಡ್ ಕಲ್ಲು ಒಡೆದ ಪುಡಿ, ಹೊಟ್ಟೆ ಗೀರುತ್ತದೆ.

ಮೀನನ್ನು ಬಿಲ್ ಮತ್ತು ದಾಖಲೆ ಇದ್ದರೆ ಮಾತ್ರ ಕೊಳ್ಳಿ. ಕಪ್ಪು ಮೈಗೆ ಬಿಳಿ ಚುಕ್ಕೆಯ ಲಿಯೋಪೋಲ್ಡಿ ಬ್ರೆಜಿಲಿನ ಶಿಂಗು ನದಿಯದು, 2022ರಲ್ಲಿ ಪನಾಮಾದ ಸಭೆಯಲ್ಲಿ ಅದನ್ನೂ ಇನ್ನೂ ಕೆಲವನ್ನೂ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ವನ್ಯಜೀವಿ ಕಾಯ್ದೆಗೂ 2022ರಲ್ಲೇ ತಿದ್ದುಪಡಿಯಾಗಿ, ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿ ಸಾಕುವವರು ನೋಂದಣಿ ಮಾಡಿಸಬೇಕಾಗಿದೆ. ಸಾಕಲು ಆಗಲಿಲ್ಲ ಅಂತ ಕಾಳಿ ನದಿಗೆ ಬಿಡುವ ಯೋಚನೆ ಯಾವತ್ತೂ ಬೇಡ.

ಮುಳ್ಳಿನ ವಿಷಯ ಎಲ್ಲರಿಗೂ ಹೇಳಿ, ಮನೆಯ ಮಕ್ಕಳಿಗೂ. ಹೊಂಡಕ್ಕೆ ಕೈ ಹಾಕುವ ಮೊದಲು ಮೀನುಗಳೆಲ್ಲ ಎಲ್ಲಿವೆ ಅಂತ ಎಣಿಸಿ. ಬಲೆಯಲ್ಲಿ ಹಿಡಿಯಬೇಡಿ, ಮುಳ್ಳು ಸಿಕ್ಕಿಕೊಳ್ಳುತ್ತದೆ, ಟಬ್ಬಿನೊಳಗೆ ನಿಧಾನವಾಗಿ ಅಟ್ಟಿ ನೀರಿನ ಸಮೇತ ಎತ್ತಿ. ಚುಚ್ಚಿದರೆ ಗಾಯವನ್ನು ತಾಳುವಷ್ಟು ಬಿಸಿ ನೀರಲ್ಲಿ, 45 ಡಿಗ್ರಿ ಮೀರದಂತೆ, ಮುಳುಗಿಸಿ ಹಿಡಿದು ಬೇಗ ಆಸ್ಪತ್ರೆಗೆ ಹೋಗಿ. ನೋವು ಕಡಿಮೆಯಾದರೂ ವೈದ್ಯರಿಗೆ ತೋರಿಸಲೇಬೇಕು.

ಹೊಸ ಮೀನನ್ನು ತಂದ ದಿನ ಚೀಲದ ನೀರಿನೊಂದಿಗೆ ಟಬ್ಬಿಗೆ ಬಿಟ್ಟು, ಸಣ್ಣ ಕೊಳವೆಯಿಂದ ಹೊಂಡದ ನೀರನ್ನು ಹನಿ ಹನಿಯಾಗಿ ಒಂದೆರಡು ಗಂಟೆ ಬಿಡಿ. ಕೋಣೆಯ ದೀಪ ಆರಿಸಿ. ಮೊದಲ ಎರಡು ದಿನ ತಿನ್ನದಿದ್ದರೆ ಗಾಬರಿ ಬೇಡ. ಮೂರನೇ ದಿನ ಸಂಜೆ ಸಿಪ್ಪೆ ಸುಲಿದ ಶೆಟ್ಲಿ ಸಣ್ಣಗೆ ಹೆಚ್ಚಿ ಉದ್ದ ಇಕ್ಕಳದಲ್ಲಿ ಅದರ ಮುಂದೆ ಇಡಿ. ದಿನಾ ತಾರ್ಲೆ (ಬೂತಾಯಿ) ಹಾಕಬೇಡಿ, ಅದರಲ್ಲಿರುವ ಥಯಾಮಿನೇಸ್ ಮೀನಿನ ಬಿ1 ಜೀವಸತ್ವ ನಾಶ ಮಾಡುತ್ತದೆ. ಬಾಯಿ ಹೊಟ್ಟೆಯ ಕಡೆ ಇರುವುದರಿಂದ ತಿನ್ನುವುದು ನಿಮಗೆ ಕಾಣುವುದಿಲ್ಲ. ವಾಸನೆ ಹಿಡಿದು ಹತ್ತಿರ ಬರುತ್ತದೆ, ಇಡೀ ಮೈಯನ್ನು ತಟ್ಟೆ ಮುಚ್ಚಿದ ಹಾಗೆ ಶೆಟ್ಲಿಯ ಮೇಲೆ ಮುಚ್ಚುತ್ತದೆ, ಬೆನ್ನು ಒಂದು ಕ್ಷಣ ಉಬ್ಬುತ್ತದೆ. ಸರಿದು ಹೋದ ಮೇಲೆ ಬಗ್ಗಿ ನೋಡಿ. ಅಲ್ಲಿ ಶೆಟ್ಲಿ ಇಲ್ಲದಿದ್ದರೆ ನಿಮ್ಮ ಹೊಂಡ ಅದಕ್ಕೆ ಒಗ್ಗಿದೆ.