ಎಂಟೂವರೆ ಅಡಿ ಅಗಲದ ಮನೆಗೆ ಹಳೇ ಚಂದ್ರಂಕಿ

ಶಿಡ್ಲಘಟ್ಟದ ಕಡೆಯವರಿಗೆ ಚಂದ್ರಂಕಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಎರಡೇ ಮಾತು. ಹಣ್ಣಾದ ರೇಷ್ಮೆ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು. ಸುಮಾರು 6 ಅಡಿ ಉದ್ದ, 4 ಅಡಿ ಅಗಲ. ಹಿಂದೆ ಚಾಪೆ, ಅದರ ಮೇಲೆ ಎರಡಿಂಚು ಅಗಲದ ಬಿದಿರು ಪಟ್ಟಿ ಸುರುಳಿ ಸುರುಳಿಯಾಗಿ ನಿಂತಿರುತ್ತೆ. ಇದನ್ನು ಮನೆಯೊಳಗೆ ಗೋಡೆ ಬದಲು ನೇತು ಹಾಕ್ತೀನಿ ಅಂದಾಗ ನಕ್ಕವರೇ ಎಲ್ಲ. "ಹುಳದ ಮನೆ ಸಾಮಾನು ಮನುಷ್ಯರ ಮನೆಗಾ?" ಅಂದರು ನಮ್ಮ ವಾರಗಿತ್ತಿ. ಬಡಗಿ ಅಂತೂ "ಒಂದು ಮಳೆಗಾಲ ನೋಡಿ ಅಕ್ಕ, ಆಮೇಲೆ ನೀರೊಲೆಗೆ ಹಾಕ್ತೀರ" ಅಂದ. ಎರಡು ಮೂರು ಮಳೆಗಾಲ ಕಳೆಯಿತು, ನೀರೊಲೆಗೆ ಇನ್ನೂ ಬೇರೆ ಸೌದೆಯೇ ಉರೀತಿದೆ. ಅದಕ್ಕೇ ಬರೀತಿದ್ದೀನಿ.

ನಮ್ಮದು ಅಣ್ಣತಮ್ಮಂದಿರ ಭಾಗದಲ್ಲಿ ಬಂದ ಮನೆ. ಪತ್ರದಲ್ಲಿ 10 ಅಡಿಗೆ 30 ಅಡಿ. ಅದು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆಗೋದಕ್ಕೆ ಮುಂಚಿನ ಪತ್ರ, ಇನ್ನೂ ಕೋಲಾರ ಜಿಲ್ಲೆ ಅಂತಲೇ ಇದೆ. ಎರಡೂ ಕಡೆ ದಪ್ಪ ಮಣ್ಣಿನ ಗೋಡೆ, ಅದು ಹೋಗಿ ಒಳಗೆ ಸಿಗೋದು ಎಂಟೂವರೆ ಅಡಿ ಅಗಲ. ಮೇಲೆ ಕಲ್ಲು ಚಪ್ಪಡಿ. ಕಿಟಕಿ ಮುಂದೊಂದು, ಹಿಂದೊಂದು. ಮುಂದೆ ನನ್ನ ಹೊಲಿಗೆ ಮಿಷನ್, ನಡುವೆ ಮಲಗುವ ಜಾಗ, ಹಿಂದೆ ಅಡುಗೆ. ಬ್ಲೌಸ್ ಅಳತೆ ಕೊಡೋಕೆ ಬಂದವರು ಬಾಗಿಲಲ್ಲಿ ನಿಂತರೆ ನಮ್ಮನೆ ಒಲೆ ಮೇಲೆ ಏನು ಬೇಯ್ತಿದೆ ಅಂತಲೂ ಕಾಣೋದು, ಹಾಸಿಗೆ ಮಡಚಿಲ್ಲ ಅಂತಲೂ ಕಾಣೋದು.

ಇಂಥ ಮನೆ ಇರೋರಿಗೆ ಗೊತ್ತು, ಅಡ್ಡ ಗೋಡೆ ಕಟ್ಟಿದರೆ ನಡುಮನೆ ಸತ್ತಂತೆ. ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಆದರೂ ಮೊದಲು ಪ್ಲೈವುಡ್ಡೇ ಹಾಕಿಸಿದ್ದು. ಬಡಗಿ ಎರಡು ಪಾರ್ಟಿಷನ್, ಒಂದು ಬೀರು ಸೇರಿಸಿ 45 ಸಾವಿರದ ಹತ್ತಿರ ಹೇಳಿದ. ಅಷ್ಟು ಎಲ್ಲಿಂದ ತರೋದು, ಒಂದೇ ಪಾರ್ಟಿಷನ್ ಮಾಡಿಸಿದ್ವಿ, 14 ಸಾವಿರ ಹೋಯಿತು. ಬೇಸಿಗೆಯಲ್ಲಿ ನಡುಮನೆಯಲ್ಲಿ ಮಲಗೋಕೆ ಆಗದೆ ಎಲ್ಲರೂ ಮಾಳಿಗೆ ಹತ್ತಿದ್ವಿ. ಮಳೆಗಾಲದಲ್ಲಿ ಕೆಳಗಿನ ಒಂದಡಿ ನೀರು ಕುಡಿದು ಉಬ್ಬಿತು. ಆಮೇಲೆ ಗೋಡೆಯಿಂದ ಗೆದ್ದಲು ಬಂತು. ಮಣ್ಣಿನ ಗೋಡೆಗೆ ತಾಗಿಸಿ ಪ್ಲೈವುಡ್ ನಿಲ್ಲಿಸೋದು ಅಂದರೆ ಗೆದ್ದಲಿಗೆ ಎಲೆ ಹಾಕಿ ಬಡಿಸಿದ ಹಾಗೆ. ಕಿತ್ತು ಚೆನ್ನಾಗಿದ್ದ ಭಾಗವನ್ನು ಕಟಿಂಗ್ ಟೇಬಲ್ ಮೇಲಕ್ಕೆ ಹಾಕಿದೆ. ಅಷ್ಟಾದರೂ ದಕ್ಕಿತು.

ಆಮೇಲೆ ಪರದೆ. ನಾನೇ ಹೊಲಿಯೋಳು, ಬಟ್ಟೆ ಖರ್ಚು ಬಿಟ್ಟರೆ ಬೇರೇನಿಲ್ಲ. ನೋಡೋಕೆ ಚೆಂದವೇ ಇತ್ತು. ಆದರೆ ಫ್ಯಾನ್ ಹಾಕಿದರೆ ಹಾರುತ್ತೆ, ಬಂದವರ ಮಕ್ಕಳು ಹಿಡಿದು ಜೋತಾಡ್ತಾರೆ, ಒಗ್ಗರಣೆ ವಾಸನೆ ಹೀರಿಕೊಂಡು ವಾರಕ್ಕೊಮ್ಮೆ ಒಗೀಬೇಕು. ಬ್ಲೌಸ್ ಟ್ರಯಲ್ ನೋಡೋ ಹೆಂಗಸರಿಗಂತೂ ಪರದೆ ಮೇಲೆ ನಂಬಿಕೆಯೇ ಇಲ್ಲ.

ನಮ್ಮ ನಾದಿನಿಯ ಊರಲ್ಲಿ ಹುಳ ಸಾಕ್ತಾರೆ. ಗೂಡು ಕಟ್ಟಿಸೋಕೆ ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಬಿದಿರಿನ ಚಂದ್ರಂಕಿಗಳನ್ನು ಹಿತ್ತಲಿಗೆ ಒರಗಿಸಿಟ್ಟಿದ್ದರು, ಒಂದರ ಮೇಲೆ ಮೆಣಸಿನಕಾಯಿ ಒಣಗ್ತಿತ್ತು. ಎರಡನ್ನು ಪಕ್ಕಪಕ್ಕ ನಿಲ್ಲಿಸಿದರೆ 8 ಅಡಿ. ನಮ್ಮ ಮನೆ ಎಂಟೂವರೆ. ಆ ಲೆಕ್ಕ ಹೊಳೆದ ಮೇಲೆ ಬೇರೆ ಯೋಚನೆ ಬರಲೇ ಇಲ್ಲ. ಎತ್ತರ 6 ಅಡಿ, ನಮ್ಮ ಮಾಳಿಗೆ ಒಂಬತ್ತರ ಮೇಲಿದೆ. ಕೆಳಗೆ ಅರ್ಧ ಅಡಿ, ಮೇಲೆ ಎರಡು ಎರಡೂವರೆ ಅಡಿ ಬಿಟ್ಟರೆ ಗಾಳಿ ತಾನಾಗೇ ಓಡಾಡುತ್ತೆ. ಮುಚ್ಚಬೇಕಾದ್ದು ಕಣ್ಣಿಗೆ ಮಾತ್ರ, ಗಾಳಿಗಲ್ಲ. ಬಡಗಿಗೆ ಇದು ಕೊನೆಗೂ ಅರ್ಥ ಆಗಲಿಲ್ಲ, ಗ್ಯಾಪ್ ಬಿಟ್ಟರೆ ಕೆಲಸ ಬಾರದವನು ಅಂತಾರೆ ಅನ್ನೋದೇ ಅವನ ಚಿಂತೆ.

ಚಂದ್ರಂಕಿ ಆರಿಸೋದರಲ್ಲೇ ಅರ್ಧ ಕೆಲಸ ಇದೆ. ಕಪ್ಪು ಕಲೆ ಅಂಟಿರೋದು ಬೇಡ. ಅದು ರೋಗ ಬಂದು ಸತ್ತ ಹುಳದ ಕಲೆ, ಎಷ್ಟು ತಿಕ್ಕಿದರೂ ಹೋಗಲ್ಲ, ಮಳೆ ಹಿಡಿದಾಗ ವಾಸನೆಯೂ ಬರುತ್ತೆ. ತಟ್ಟಿದಾಗ ಹಿಟ್ಟಿನ ಹಾಗೆ ಹುಡಿ ಉದುರಿದರೆ ಕುಟ್ಟೆ ಹುಳ ಹಿಡಿದಿದೆ ಅಂತ, ಅದೂ ಬೇಡ. ಪಟ್ಟಿ ಬೆರಳಲ್ಲಿ ಒತ್ತಿದರೆ ಬಾಗಿ ವಾಪಸ್ ಬರಬೇಕು. ಒಂದಕ್ಕೆ 100ರಿಂದ 150 ರೂಪಾಯಿ ಕೊಟ್ಟೆ. ಕೆಲವು ಸುಮ್ನೆ ಕೊಟ್ಟರು, ಅವುಗಳಲ್ಲಿ ಮುಕ್ಕಾಲು ಪಾಲು ನೀರೊಲೆಗೇ ಹೋದವು.

ತೊಳೆಯೋದೇ ದೊಡ್ಡ ಪಾಡು. ಗೂಡು ಬಿಡಿಸಿದ ಮೇಲೆ ಸುರುಳಿಯೊಳಗೆ ರೇಷ್ಮೆ ಎಳೆ ಜೇಡರ ಬಲೆ ಥರ ಉಳಿದಿರುತ್ತೆ. ರೈತರು ಬ್ಲೋ ಲ್ಯಾಂಪ್ ಹಿಡಿದು ಸುಡ್ತಾರೆ. ಹುಳದ ಮನೆಗೆ ಅದು ಸರಿ. ನಾನು ಹಾಗೆ ಮಾಡಿಸಿದ ಮೊದಲನೇದರಲ್ಲಿ ಬಿದಿರು ಅಲ್ಲಲ್ಲಿ ಕರಕಲಾಯಿತು, ಕೂದಲು ಸುಟ್ಟ ವಾಸನೆ ತಿಂಗಳು ಹೋಗಲಿಲ್ಲ. ಟೂತ್‌ಬ್ರಷ್ ಹಿಡಿದು ಕೂತೆ, ಒಂದು ಮೂಲೆ ಮುಗಿಯೋಷ್ಟರಲ್ಲಿ ಬೆರಳೆಲ್ಲ ಸಿಬಿರು. ದಾರಿ ತೋರಿಸಿದ್ದು ನನ್ನ ಹತ್ತಿರ ಬಟ್ಟೆ ಹೊಲಿಸೋ ಒಬ್ಬ ಅಕ್ಕ, ಗೂಡಿನಿಂದ ನೂಲು ತೆಗೆಯೋ ಫಿಲೇಚರ್‌ನಲ್ಲಿ ಕೆಲಸ ಮಾಡೋರು. "ಅಂಟು ಬಿಟ್ಟರೆ ಎಳೆ ತಾನೇ ಬರುತ್ತೆ, ಕೀಳ್ತೀಯ ಯಾಕೆ?" ಅಂದರು. ಹೌದಲ್ವಾ, ರೇಷ್ಮೆ ಎಳೆಗೆ ಅಂಟು ಇರುತ್ತೆ, ಬಿಸಿ ನೀರಿಗೂ ಸೋಡಾಕ್ಕೂ ಅದು ಕರಗುತ್ತೆ. ಕುದಿಯೋ ನೀರಿಗೆ ವಾಷಿಂಗ್ ಸೋಡಾ, ಒಂದಿಷ್ಟು ಸೋಪು ಹಾಕಿ ಸುರುಳಿ ಒಳಗೆಲ್ಲ ಹುಯ್ದು ಗೋಣಿಚೀಲ ಮುಚ್ಚಿ ಅರ್ಧ ಗಂಟೆ ಬಿಟ್ಟೆ. ಆಮೇಲೆ ಹಳೇ ಬಾಚಣಿಗೆಯಲ್ಲಿ ಎಳೆದರೆ ಎಳೆಯೆಲ್ಲ ಒದ್ದೆ ಹತ್ತಿಯ ಹಾಗೆ ಸುತ್ತಿಕೊಂಡು ಉದ್ದಕ್ಕೆ ಬಂತು. ಕೆಳಗೆ ಬಿದಿರು ಹೊಸದರ ಥರ ಹಳದಿ. ಆವತ್ತು ನನಗಾದ ಖುಷಿ ಮದುವೆ ಬ್ಲೌಸ್ ಹೊಲಿದಾಗಲೂ ಆಗಿಲ್ಲ.

ಒಂದು ವಾರ ಬಿಸಿಲು. ಹುಳದ ಮನೆಗೆ ರೋಗ ಬರದ ಹಾಗೆ ಫಾರ್ಮಲಿನ್ ಹೊಡೆದಿರ್ತಾರೆ, ಆ ಘಾಟು ಬಿಸಿಲಿಗೇ ಹೋಗಬೇಕು. ಆಮೇಲೆ ಕುಟ್ಟೆ ಬರದ ಹಾಗೆ ಬೋರಾಕ್ಸ್, ಬೋರಿಕ್ ಪೌಡರ್ ನೀರು. ಬಿದಿರಿಗೆ ಇವೆರಡನ್ನೂ ಹಚ್ಚುವುದು ಎಲ್ಲರಿಗೂ ಗೊತ್ತಿರೋ ವಿಷಯವೇ, ಮಕ್ಕಳ ಕೈಗೆ ಸಿಗದ ಕಡೆ ಮಾಡಿ. ನಾನು ಎಷ್ಟಕ್ಕೆ ಎಷ್ಟು ಹಾಕ್ತೀನಿ, ಕೊನೆಯಲ್ಲಿ ಹೊಳಪಿಗೆ ಏನು ಬಳೀತೀನಿ ಅನ್ನೋದು ನನ್ನ ಹತ್ತಿರವೇ ಇರಲಿ. ಅದನ್ನೂ ಹೇಳಿಬಿಟ್ಟರೆ ನಾಳೆ ನನ್ನ ಹತ್ತಿರ ಯಾರು ಬರ್ತಾರೆ? ವಾರ್ನಿಷ್ ಅಲ್ಲ ಅಂತ ಮಾತ್ರ ಹೇಳ್ತೀನಿ. ವಾರ್ನಿಷ್ ಬಳಿದದ್ದು ಸುರುಳಿ ಒಳಗೆ ಇಳಿದು ಗಟ್ಟಿಯಾಗಿ, ಧೂಳು ಹಿಡಿದು ಕೊಳಕಾಯಿತು.

ನೇತು ಹಾಕುವ ವಿಷಯ. ಮಣ್ಣಿನ ಗೋಡೆಯಲ್ಲಿ ಡ್ರಿಲ್ ಮಾಡಿ ಪ್ಲಗ್ ಹಾಕಿದರೆ ನಿಲ್ಲಲ್ಲ, ಮಣ್ಣೇ ಉದುರಿ ಬರುತ್ತೆ. ಕಲ್ಲು ಚಪ್ಪಡಿಗೆ ತೂತು ಹೊಡೆಯೋದು ಬೇಡವೇ ಬೇಡ. ಮುಕ್ಕಾಲು ಇಂಚಿನ ಜಿ.ಐ. ಪೈಪ್ 20 ಅಡಿಯದು ಬರುತ್ತೆ, ನಡುವೆ ಕತ್ತರಿಸಿದರೆ ಎರಡು. ಎರಡೂ ಗೋಡೆಯಲ್ಲಿ ನಾಲ್ಕೈದು ಇಂಚು ಗೂಡು ತೋಡಿ, ಪೈಪ್ ತುದಿ ಕೂರಿಸಿ, ಸುಣ್ಣ ಮರಳು ಕಲಸಿ ಮುಚ್ಚಿಸಿದೆ. ಮಾಡಿದ್ದು ಎರಡು ಪಾರ್ಟಿಷನ್, ಪ್ರತಿಯೊಂದಕ್ಕೂ ಒಂದರ ಹಿಂದೆ ಒಂದು, ನಡುವೆ ಒಂದು ಗೇಣು ಬಿಟ್ಟು ಎರಡು ಪೈಪ್. ಒಂದೊಂದಕ್ಕೆ ಒಂದು ಚಂದ್ರಂಕಿ. ಹೀಗಾದರೆ ಒಂದನ್ನು ಇನ್ನೊಂದರ ಹಿಂದೆ ಸರಿಸಬಹುದು, ನಾಲ್ಕಡಿ ದಾರಿ ಬಿಡುತ್ತೆ. ಬೀರು ಒಳಗೆ ತರಬೇಕಾದರೆ ಎರಡನ್ನೂ ಕಳಚಿಟ್ಟರೆ ಆಯಿತು. ಜಾರೋಕೆ ಪರದೆ ರಿಂಗ್ ಹಾಕಿದ್ದೆ, ಭಾರಕ್ಕೆ ಬಾಯಿ ಬಿಟ್ಟವು. ಈಗಿರೋದು ಒಂದೂಕಾಲು ಇಂಚಿನ ಪಿವಿಸಿ ಪೈಪಿನ ತುಂಡುಗಳು, ಪ್ಲಂಬರ್ ಎಸೆದದ್ದು. ಪೈಪ್ ಮೇಲೆ ಒಂದು ಸಲ ಮೇಣದ ಬತ್ತಿ ಉಜ್ಜಿದರೆ ಸರ್ರಂತ ಜಾರುತ್ತೆ.

ನಾನು ಎಣಿಸದೇ ಸಿಕ್ಕ ಲಾಭ ಸುರುಳಿಯದು. ಪಟ್ಟಿಗಳ ನಡುವೆ ಎರಡಿಂಚು ಸಂದಿ ಇರುತ್ತಲ್ಲ, ಅದರಲ್ಲಿ ಲೇಸ್ ಸುತ್ತು, ಜಿಪ್, ದಾರದ ಉಂಡೆ, ಅಳತೆ ಟೇಪು, ಕತ್ತರಿ, ಕಟ್ ಮಾಡಿದ ಪೇಪರ್ ಪ್ಯಾಟರ್ನ್ ಎಲ್ಲ ಸಿಕ್ಕಿಸಿಬಿಟ್ಟೆ. ಸುರುಳಿ ಇರೋ ಮುಖ ಮಿಷನ್ ಕಡೆಗೆ, ಚಾಪೆ ಮುಖ ನಡುಮನೆ ಕಡೆಗೆ. ದಾರವನ್ನು ಬಣ್ಣದ ಪ್ರಕಾರ ಒಳಸುತ್ತಿನಿಂದ ಹೊರಸುತ್ತಿಗೆ ಜೋಡಿಸಿದ್ದೀನಿ: ನಡುವೆ ಹಳದಿ, ಆಮೇಲೆ ಕೇಸರಿ, ಕೆಂಪು, ನೇರಳೆ, ಹೊರಗೆ ನೀಲಿ, ಹಸಿರು. ಕೂತಲ್ಲಿಂದಲೇ ಕೈ ಚಾಚಿ ತಗೊಳ್ತೀನಿ. ಎರಡು ಪ್ಲಾಸ್ಟಿಕ್ ಡ್ರಾಯರ್ ಮನೆಯಿಂದ ಆಚೆ ಹೋದವು. ಬಂದವರು ಮೊದಲು ಫೋಟೊ ತೆಗೀತಾರೆ, ಆಮೇಲೆ ಅಳತೆ ಕೊಡ್ತಾರೆ. ವಾರಗಿತ್ತಿಯೂ ತೆಗೆದರು.

ಇದರ ಜೊತೆ ಇನ್ನೂ ಏನೇನೋ ಮಾಡಿದ್ದೀನಿ, ಎಲ್ಲ ಕೈಹಿಡಿಯಲಿಲ್ಲ. ಚಂದ್ರಂಕಿಗೇ ಕನ್ನಡಿ ಕಟ್ಟಿದ್ದೆ, ಟ್ರಯಲ್‌ಗೆ ಅನುಕೂಲ ಅಂತ. ಭಾರಕ್ಕೆ ಚಾಪೆ ಹರಿದು ಕನ್ನಡಿ ಒಡೆಯಿತು, 1,800 ರೂಪಾಯಿ ನಷ್ಟ, ಮೇಲೆ ಅಪಶಕುನ ಅಂತ ಬೇರೆ ಮಾತು. ಹೊಸ ಕನ್ನಡಿಯನ್ನು ನಡುಮನೆಯಲ್ಲಿ ನೆಲದ ಮೇಲೇ ಓರೆಯಾಗಿ ಒರಗಿಸಿದೆ, ಮಾಳಿಗೆಯಲ್ಲಿ ಬೆಳಕಿಗೆ ಬಿಟ್ಟಿರೋ ಗವಾಕ್ಷಿ ಕೆಳಗೆ. ಗವಾಕ್ಷಿ ಗಾಜು ಹೊಗೆ ಹಿಡಿದು ಕಪ್ಪಾಗಿತ್ತು, ಬದಲಾಯಿಸೋಕೆ ಇನ್ನೂರು ಮುನ್ನೂರು ಆಯಿತು ಅಷ್ಟೆ. ಈಗ ಹತ್ತು ಗಂಟೆಯಿಂದ ಎರಡು ಗಂಟೆವರೆಗೂ ನಡುಮನೆಯಲ್ಲಿ ಲೈಟ್ ಬೇಕಾಗಿಲ್ಲ.

ತೂತು ಬಿದ್ದು ನೂಲಿಗೆ ಬಾರದ ಗೂಡು ಅಗ್ಗಕ್ಕೆ ಸಿಗುತ್ತೆ ಅಂತ ಮಗಳು ಗೂಡಿನ ತೋರಣ ಮಾಡಿದಳು. ಬಾಗಿಲಿಗೆ ಬಲು ಚೆಂದ ಕಾಣ್ತಿತ್ತು. ಆದರೆ ಕೆಲವು ಗೂಡಲ್ಲಿ ಹುಳ ಒಳಗೇ ಸತ್ತಿತ್ತು. ಎರಡು ವಾರಕ್ಕೆ ವಾಸನೆ, ಆಮೇಲೆ ಒಂದು ಥರ ಸಣ್ಣ ಕರಿ ಹುಳ ಬಂದು ಗೂಡನ್ನೇ ತಿನ್ನೋಕೆ ಶುರು. ನನಗೆ ಭಯ ಆದದ್ದು ಗಿರಾಕಿಗಳ ರೇಷ್ಮೆ ಸೀರೆಗೆ. ತೋರಣ ಆವತ್ತೇ ತಿಪ್ಪೆಗೆ. ಪ್ರತಿ ಗೂಡೂ ಕತ್ತರಿಸಿ ಒಳಗೆ ಖಾಲಿ ಮಾಡಿದರೆ ಆಗುತ್ತೆ, ಅಷ್ಟು ತಾಳ್ಮೆ ಇದ್ದವರು ಮಾಡಿ.

ಚೆನ್ನಾಗಿ ಬಂದದ್ದು ಹುಳದ ತಟ್ಟೆ ಇಡೋ ಸ್ಟ್ಯಾಂಡ್. ನೆಲದಲ್ಲೇ ಹಿಪ್ಪುನೇರಳೆ ಕಡ್ಡಿ ಹಾಕಿ ಹುಳ ಮೇಯಿಸೋಕೆ ಶುರುವಾದ ಮೇಲೆ ಅದೂ ಹಿತ್ತಲು ಸೇರಿದೆ. ಅರ್ಧಕ್ಕೆ ಕತ್ತರಿಸಿ ಅಡುಗೆ ಮನೆಗೆ ತಂದೆ. ಕಾಲಿಗೆ ಇರುವೆ ಹತ್ತದ ಹಾಗೆ ಇಡುವ ಸಿಮೆಂಟಿನ ಬಟ್ಟಲುಗಳೂ ಬಂದವು. ಈಗ ಬೆಲ್ಲದ ಡಬ್ಬಿಗೆ ಇರುವೆ ಕಾಟವೇ ಇಲ್ಲ. ಬಟ್ಟಲ ನೀರಿಗೆ ಕರಿದ ಎಣ್ಣೆ ನಾಲ್ಕು ಹನಿ ಬಿಡಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತೆ. ಚಂದ್ರಂಕಿಯನ್ನು ಮಾತ್ರ ಅಡುಗೆ ಮನೆಯೊಳಗೆ ಹಾಕಲೇಬೇಡಿ. ಒಣ ಬಿದಿರು, ಗ್ಯಾಸ್ ಒಲೆ, ಬೇರೆ ಹೇಳಬೇಕಾ? ದೀಪ ಹಚ್ಚುವ ಗೂಡಿಗೂ ದೂರವೇ ಇರಲಿ. ನಮ್ಮ ಹಿಂದಿನ ಪಾರ್ಟಿಷನ್ ಒಲೆಯಿಂದ ಐದಾರು ಅಡಿ ಈಚೆಗಿದೆ.

ಗೋಡೆಗೆ ಡಬ್ಬದ ಪೇಂಟ್ ಹೊಡೆಸಿ 9 ಸಾವಿರ ಕಳಕೊಂಡ ಮೇಲೆ ಸುಣ್ಣಕ್ಕೇ ವಾಪಸ್ ಬಂದೆ. ಮಣ್ಣಿನ ಗೋಡೆ ಒಳಗಿನ ತೇವ ಆಚೆ ಬಿಡಬೇಕು. ಪೇಂಟ್ ಅದನ್ನು ಹಿಡಿದಿಟ್ಟು ಹಪ್ಪಳದ ಥರ ಏಳುತ್ತೆ. ಸುಣ್ಣ, ಚಿಟಿಕೆ ನೀಲಿ, ಸ್ವಲ್ಪ ಅಂಟು, ಎರಡು ಕೋಟು. ಎಲ್ಲ ಸೇರಿ ಸಾವಿರವೂ ಆಗಲಿಲ್ಲ. ದನದ ಕೊಟ್ಟಿಗೆಗೆ ಬಳಿಯೋದು ಅಂದರು, ಅನ್ನಲಿ. ರಾತ್ರಿ ಮಿಷನ್ ಲೈಟ್ ಹಾಕಿದಾಗ ಪಕ್ಕದ ಬಿಳಿ ಗೋಡೆ ಮೇಲೆ ಸುರುಳಿಯ ನೆರಳು ಬೀಳುತ್ತೆ, ವಾಲ್‌ಪೇಪರ್‌ಗೆ ದುಡ್ಡು ಹಾಕಬೇಕಾಗಿಲ್ಲ.

ಒಟ್ಟು ಖರ್ಚು ಜ್ಞಾಪಕ ಇದ್ದಷ್ಟು: ಚಂದ್ರಂಕಿ ನಾಲ್ಕು, ಕೆಟ್ಟು ಹೋದವನ್ನೂ ಸೇರಿಸಿ ಸಾವಿರದೊಳಗೆ. ಪೈಪು ಎರಡು ಸಾವಿರದ ಮೇಲೆ. ಗೋಡೆ ತೋಡಿದ ಕೂಲಿ 800. ಸೋಡಾ, ಬೋರಾಕ್ಸ್, ಹಳ್ಳಿಯಿಂದ ತಂದ ಟೆಂಪೊ ಬಾಡಿಗೆ ಎಲ್ಲ ಇನ್ನೊಂದೂವರೆ ಸಾವಿರ. ಆರು ಸಾವಿರ ದಾಟಿಲ್ಲ. ಬೀರು ಸೇರಿದ್ದೇ ಆದರೂ ಬಡಗಿಯ 45 ಸಾವಿರ ಪಕ್ಕಕ್ಕಿಟ್ಟು ನೋಡಿ. ಕೊರತೆ ಇಲ್ಲ ಅಂತಲ್ಲ. ಧೂಳು ಹಿಡಿಯುತ್ತೆ, ತಿಂಗಳಿಗೊಮ್ಮೆ ಪೇಂಟ್ ಬ್ರಷ್‌ನಲ್ಲಿ ಸಂದಿ ಸಂದಿ ಗುಡಿಸಬೇಕು. ಮಾತು ಆ ಕಡೆಯಿಂದ ಈ ಕಡೆಗೆ ಪೂರ್ತಿ ಕೇಳುತ್ತೆ, ನಮ್ಮ ಯಜಮಾನರ ಗೊರಕೆ ಸಮೇತ.

ಚಿಂತಾಮಣಿ ರಸ್ತೆ ಕಡೆ ಒಬ್ಬರು ಬ್ಯೂಟಿ ಪಾರ್ಲರ್‌ಗೆ ಇದೇ ಥರ ಮಾಡಿಕೊಡು ಅಂತ ಬಂದಿದ್ದಾರೆ. ತೊಳೆದು, ಬಳಿದು, ರಿಂಗ್ ಸಮೇತ ಒಂದು ಜೊತೆಗೆ 2,500 ಹೇಳಿದ್ದೀನಿ. ಪೈಪು, ಟೆಂಪೊ ಅವರದೇ. ಜಾಸ್ತಿ ಆಯಿತು ಅಂದರು. ಬೇಕಾದರೆ ಬಡಗಿಯನ್ನೂ ಒಂದು ಮಾತು ಕೇಳಿಕೊಂಡು ಬನ್ನಿ ಅಂತ ಕಳಿಸಿದ್ದೀನಿ.