ಮಿಲಿಟ್ರಿಗೆ ಹೋಗಿ ಬಾರದ ಗೆಳೆಯನನ್ನು ನೆನೆಯುವುದು ಹೇಗೆ

ಮೊದಲು ಅವನ ಮನೆಗೆ ಹೋಗಿ. ಸ್ಟೇಟಸ್‌ಗೆ ಫೋಟೋ ಹಾಕುವುದು ಆಮೇಲೆ ಇದ್ದೇ ಇದೆ. ಅವನು ತೀರಿಕೊಂಡ ದಿನವೇ ಹೋಗಬೇಕೆಂದಿಲ್ಲ. ಆ ದಿನ ಜನ ಜಾಸ್ತಿ, ಮೈಕು, ಭಾಷಣ, ಅಮ್ಮನಿಗೆ ಬಾಯಿ ಬಿಡಲಿಕ್ಕೂ ಪುರುಸೊತ್ತು ಇರುವುದಿಲ್ಲ. ಆಟಿ ತಿಂಗಳ ಮಳೆಯಲ್ಲಿ, ಯಾರೂ ಬಾರದ ಒಂದು ಮಧ್ಯಾಹ್ನ ಹೋಗಿ ಕೂತುಕೊಳ್ಳಿ.

ಹೋಗಿ ಎಂತ ಮಾತಾಡುವುದು ಅಂತ ಹೆದರಿ ನಾನು ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಅದು ಈಗಲೂ ಚುಚ್ಚುತ್ತದೆ. ಧೈರ್ಯ ಹೇಳುವ ಅಗತ್ಯವೇ ಇಲ್ಲ, ಅದನ್ನು ಹೇಳುವವರು ಊರು ತುಂಬ ಇದ್ದಾರೆ. ಅಮ್ಮನಿಗೆ ಗೊತ್ತಿಲ್ಲದ ಮಗನ ಸುದ್ದಿ ಹೇಳಿ. ಅದು ಇರುವುದು ನಮ್ಮ ಹತ್ತಿರ ಮಾತ್ರ ಅಲ್ವಾ?

ನಾನು ಹೇಳಿದ್ದು ಎಂಟನೇ ಕ್ಲಾಸಿನ ಕತೆ. ಡಿಸೆಂಬರ್ ಪರೀಕ್ಷೆಗೆ ಒಟ್ಟಿಗೆ ಓದುತ್ತೇವೆ ಅಂತ ನಮ್ಮ ಮನೆಗೆ ಬಂದವನು, ನಡುರಾತ್ರಿ ನನ್ನನ್ನು ಎಬ್ಬಿಸಿ ಕುಂಬಳೆ ಹತ್ತಿರ ಯಕ್ಷಗಾನ ಆಟ ನೋಡಲು ಕರೆದುಕೊಂಡು ಹೋದ. ಬೆಳಗಿನ ಜಾವ ಗದ್ದೆ ಹುಣಿಯಲ್ಲಿ ಬರುವಾಗ ಅಡಿಕೆ ಹಾಳೆಯನ್ನು ಕಿರೀಟದ ಹಾಗೆ ತಲೆಗಿಟ್ಟು ಮಹಿಷಾಸುರನ ಆರ್ಭಟ ಕೊಟ್ಟ. ಕಾಲು ಜಾರಿ ಸೀದಾ ಕೆಸರಿಗೆ.

"ಸೈಕಲ್ಲಿಂದ ಬಿದ್ದೆ ಅಂದಿದ್ದ. ಅಂಗಿ ಹಾಳು ಮಾಡಿದ ಅಂತ ನಾನು ಹೊಡೆದೂ ಬಿಟ್ಟಿದ್ದೆ ಮಗಾ" ಅಂದರು ಅಮ್ಮ. ಆಮೇಲೆ ಒಳಗೆ ಕರೆದು ಅವನ ಕಪ್ಪು ಟ್ರಂಕ್ ತೆಗೆದರು. ಮಡಚಿದ ಬಾವುಟದ ಕೆಳಗೆ ಬೂಟ್ ಪಾಲಿಶ್ ಡಬ್ಬಿ. ಪಾಲಿಶ್ ಒಣಗಿ ಬಿರುಕು ಬಿಟ್ಟಿತ್ತು, ಬ್ರಶ್ ಎಳೆದ ಗೀರು ಹಾಗೇ ಇತ್ತು.

ಇಂಥ ಕತೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೆಂಚ್‌ಮೇಟುಗಳಿಂದಲೂ ಬರೆಸಿ. ಬಣ್ಣ ಕಟ್ಟಬೇಡಿ, ಗಣಿತದಲ್ಲಿ ಫೇಲಾಗಿದ್ದರೆ ಫೇಲು ಅಂತಲೇ ಇರಲಿ.

ಟ್ರಂಕಿನ ಮೇಲೆ ಬಿಳಿ ಪೈಂಟಿನಲ್ಲಿರುವ ಸೈನ್ಯದ ನಂಬರ್ ಕೂಡ ಬರೆದುಕೊಳ್ಳಿ. ನಮ್ಮ ಕಾಸರಗೋಡಿನಲ್ಲಿ ಹೆಸರು ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು, ಇಂಗ್ಲಿಷಿನಲ್ಲಿ ಇನ್ನೊಂದು ಆಗಿರುತ್ತದೆ, ನಂಬರ್ ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ. ಮನೆಗೆ ಬರುವ ಪಿಂಚಣಿ ಕಾಗದ ಮಲಯಾಳ ಅಥವಾ ಇಂಗ್ಲಿಷಿನಲ್ಲಿದ್ದು ಅಮ್ಮನಿಗೆ ಕನ್ನಡ ಮಾತ್ರ ಬರುವುದಾದರೆ, ಓದಿ ಹೇಳಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಲಿಕ್ಕಿದ್ದರೆ ಜೊತೆಗೆ ಹೋಗಿ. ಹಾರ ಹಾಕುವುದಕ್ಕಿಂತ ಇದು ದೊಡ್ಡದು ಅಂತ ನನಗೆ ಅನಿಸುತ್ತದೆ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, ಸೈನಿಕರ ಕುಟುಂಬಗಳಿಗಾಗಿ ಇರುವ ಅದರ ನಿಧಿಗೆ ಕೈಲಾದಷ್ಟು ಕೊಡಿ.

ಸಾಧ್ಯವಾದರೆ ಅಮ್ಮನನ್ನು ದೆಹಲಿಗೆ ಕರೆದುಕೊಂಡು ಹೋಗಿ. ಇಂಡಿಯಾ ಗೇಟ್ ಹತ್ತಿರ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕ ಇದೆ, ಪ್ರವೇಶಕ್ಕೆ ದುಡ್ಡಿಲ್ಲ. ಅಲ್ಲಿಯ ತ್ಯಾಗ ಚಕ್ರದ ಗೋಡೆಗಳಲ್ಲಿ ಯುದ್ಧ, ಕಾರ್ಯಾಚರಣೆಗಳಲ್ಲಿ ಮಡಿದವರ ಹೆಸರು ಕೆತ್ತಿದ್ದಾರೆ. ಕಾಯಿಲೆಯಲ್ಲೋ ರಸ್ತೆ ಅಪಘಾತದಲ್ಲೋ ಹೋದವನ ಹೆಸರು ಅಲ್ಲಿ ಇಲ್ಲದೆ ಇರಬಹುದು. ಇದನ್ನು ಹೊರಡುವ ಮೊದಲೇ ನೋಡಿಕೊಳ್ಳಿ, ಅಷ್ಟು ದೂರ ಹೋಗಿ ಅಮ್ಮ ಗೋಡೆಯಲ್ಲಿ ಹುಡುಕುತ್ತಾ ನಿಲ್ಲಬಾರದು.

ಮಂಗಳಾ ಎಕ್ಸ್‌ಪ್ರೆಸ್ ಕಾಸರಗೋಡಿನಿಂದಲೇ ಸಿಗುತ್ತದೆ, ಎರಡು ರಾತ್ರಿಯ ಪ್ರಯಾಣ. ನಮ್ಮ ಹುಡುಗ ರಜೆ ಮುಗಿಸಿ ಹೋಗುತ್ತಿದ್ದದ್ದೂ ಅದರಲ್ಲೇ. ಟಿಕೆಟ್ ಬೇಗ ಮಾಡಿಸಿ, ಅಮ್ಮನಿಗೆ ಕೆಳಗಿನ ಬರ್ತ್ ಬೇಕು.